ಮರ ಉರುಳಿಸಲು ಯಾವ ಬೆಣೆ? ಪ್ಲಾಸ್ಟಿಕ್, ಅಲ್ಯೂಮಿನಿಯಂ, ಕಟ್ಟಿಗೆ, ಸ್ಕ್ರೂ: ಒಂದು ಹೋಲಿಕೆ

ಪ್ಲಾಸ್ಟಿಕ್ ಬೆಣೆ ಒಳ್ಳೆಯದಾ, ಅಲ್ಯೂಮಿನಿಯಂ ಬೆಣೆ ಒಳ್ಳೆಯದಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಮರದ ಬಗ್ಗೆ ಕೇಳುತ್ತೇನೆ. ನೆತ್ತಿ ಎಷ್ಟು ಹಿಂದಕ್ಕೆ ವಾಲಿದೆ? ಬೊಡ್ಡೆ ಎಷ್ಟು ದಪ್ಪ? ಒಳಗೆ ಗಟ್ಟಿ ಇದೆಯಾ, ಕೊಳೆತಿದೆಯಾ? ಇಷ್ಟು ಗೊತ್ತಾದರೆ ಬೆಣೆಯ ಆಯ್ಕೆ ಮುಕ್ಕಾಲು ಮುಗಿದಂತೆ. ಕೆಲವು ಮರಗಳಿಗೆ ಬೆಣೆ ಹೊಡೆಯಲೇಬಾರದು ಅನ್ನುವುದೂ ಆಗಲೇ ತಿಳಿಯುತ್ತದೆ.

ಇದು ಚೈನ್‌ಸಾ ಹಿಡಿದು ಸ್ವಲ್ಪ ಅಭ್ಯಾಸ ಇರುವವರಿಗಾಗಿ ಬರೆದದ್ದು. ಮರ ಬೀಳಿಸುವುದನ್ನು ಓದಿ ಕಲಿಯಲು ಆಗುವುದಿಲ್ಲ. ಬಲ್ಲವರ ಜೊತೆ ನಿಂತು ಕಲಿಯಬೇಕು. ಆದರೆ ಯಾವ ಬೆಣೆ, ಎಷ್ಟು ಉದ್ದ, ಎಷ್ಟು ದಪ್ಪ ಅನ್ನುವ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು.

ಬೆಣೆಯ ಎರಡು ಕೆಲಸ

ಮರ ಬೀಳಬೇಕಾದ ಕಡೆ ಮೊದಲು ಒಂದು ಕಚ್ಚು ತೆಗೆಯುತ್ತೇವೆ. ಆಮೇಲೆ ಹಿಂದಿನಿಂದ ಕೊಯ್ಯುತ್ತಾ ಬರುತ್ತೇವೆ. ಎರಡರ ನಡುವೆ ಕೊಯ್ಯದೆ ಬಿಡುವ ಮರದ ಪಟ್ಟಿಯೇ ಕೀಲು. ಬಾಗಿಲು ತನ್ನ ಕೀಲಿನ ಮೇಲೆ ತಿರುಗುವಂತೆ ಮರ ಈ ಪಟ್ಟಿಯ ಮೇಲೆ ತಿರುಗಿ ಬೀಳುತ್ತದೆ. ಕಚ್ಚಿನ ಆಳ ಬೊಡ್ಡೆಯ ಅಡ್ಡಳತೆಯ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಕೀಲಿನ ದಪ್ಪ ಹತ್ತನೇ ಒಂದು ಭಾಗ. ಸಾಮಾನ್ಯವಾಗಿ ಪಾಲಿಸುವ ಅಳತೆ ಇದು.

ಹಿಂದಿನ ಕೊಯ್ತದಲ್ಲಿ ಗರಗಸ ಒಳಗೆ ಹೋಗುತ್ತಿದ್ದಂತೆ ಮರ ಹಿಂದಕ್ಕೆ ಕೂತರೆ ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗದಂತೆ ಸಂದನ್ನು ತೆರೆದಿಡುವುದು ಬೆಣೆಯ ಮೊದಲ ಕೆಲಸ. ಮರದ ಭಾರವನ್ನು ಎತ್ತಿ ಕೀಲಿನ ಆಚೆಗೆ ತಳ್ಳುವುದು ಎರಡನೆಯದು. ಮೊದಲ ಕೆಲಸಕ್ಕೆ ಯಾವ ಬೆಣೆಯಾದರೂ ಸಾಕು. ವ್ಯತ್ಯಾಸ ಬರುವುದೆಲ್ಲ ಎರಡನೆಯದರಲ್ಲಿ.

ನೆಟ್ಟಗೆ ನಿಂತ ಮರಕ್ಕೆ ಬೆಣೆ ಯಾಕೆ ಅಂತ ಅನ್ನಿಸಬಹುದು. ಕೀಲು ಇರುವುದು ಬೊಡ್ಡೆಯ ನಡುವಿನಲ್ಲಿ ಅಲ್ಲ, ಅದಕ್ಕಿಂತ ಮುಂದೆ. ಹಾಗಾಗಿ ನೆಟ್ಟಗಿರುವ ಮರದ ಭಾರವೂ ಕೀಲಿಗಿಂತ ಸ್ವಲ್ಪ ಹಿಂದೆಯೇ ಇರುತ್ತದೆ. ಒಂದು ಸಣ್ಣ ಗಾಳಿ ಬೀಸಿದರೂ ಸಂದು ಮುಚ್ಚಿಕೊಳ್ಳುತ್ತದೆ. ಮುಂದಕ್ಕೆ ಚೆನ್ನಾಗಿ ವಾಲಿದ ಮರವೊಂದನ್ನು ಬಿಟ್ಟರೆ ಉಳಿದೆಲ್ಲದಕ್ಕೂ ಬೆಣೆ ಕೈಗೆಟುಕುವಂತೆ ಇರಬೇಕು.

ಎಷ್ಟು ದಪ್ಪ ಬೇಕು: ಈ ಲೆಕ್ಕ ಮಾಡದೆ ಮರ ಮುಟ್ಟಬೇಡಿ

ನನ್ನ ಪ್ರಕಾರ ಇಡೀ ವಿಷಯದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಬೆಣೆ ಹಿಂದಿನ ಅಂಚನ್ನು ಸ್ವಲ್ಪವೇ ಎತ್ತುತ್ತದೆ. ಆದರೆ ನೆತ್ತಿ ಅದರ ಹತ್ತಾರು ಪಟ್ಟು ಸರಿಯುತ್ತದೆ. ಎಷ್ಟು ಪಟ್ಟು? ಮರದ ಎತ್ತರವನ್ನು, ಕೀಲಿನಿಂದ ಹಿಂದಿನ ಅಂಚಿಗಿರುವ ದೂರದಿಂದ ಭಾಗಿಸಿ.

45 ಸೆಂ.ಮೀ. ದಪ್ಪ, 18 ಮೀಟರ್ ಎತ್ತರದ ಮರ ಅಂದುಕೊಳ್ಳಿ. ಕಚ್ಚಿಗೆ ಸುಮಾರು 10.5 ಸೆಂ.ಮೀ., ಕೀಲಿಗೆ 4.5 ಸೆಂ.ಮೀ. ಹೋದರೆ ಹಿಂದೆ 30 ಸೆಂ.ಮೀ. ಉಳಿಯುತ್ತದೆ. 1800 ಸೆಂ.ಮೀ.ಯನ್ನು 30ರಿಂದ ಭಾಗಿಸಿದರೆ 60. ಅಂದರೆ ಹಿಂದಿನ ಅಂಚು 1 ಸೆಂ.ಮೀ. ಎದ್ದರೆ ನೆತ್ತಿ 60 ಸೆಂ.ಮೀ. ಮುಂದೆ ಬರುತ್ತದೆ.

8 ಇಂಚಿನ ಮಾಮೂಲಿ ಬೆಣೆಯ ತಲೆ ಸುಮಾರು ಒಂದು ಇಂಚು, ಅಂದರೆ 25 ಮಿ.ಮೀ. ದಪ್ಪ ಇರುತ್ತದೆ. 25 ಮಿ.ಮೀ.ಗೆ ನೆತ್ತಿ 150 ಸೆಂ.ಮೀ. ಸರಿಯಬೇಕು ಅಲ್ವಾ? ಸರಿಯುವುದಿಲ್ಲ. ಚೈನ್ ಕೊಯ್ದ ಸಂದೇ ಸುಮಾರು 8 ಮಿ.ಮೀ. ಅಗಲ ಇರುತ್ತದೆ. ಬೆಣೆಯ ಮೊದಲ 8 ಮಿ.ಮೀ. ದಪ್ಪ ಆ ಸಂದನ್ನು ತುಂಬುವುದಕ್ಕೇ ಖರ್ಚಾಗುತ್ತದೆ. ಮರ ಎತ್ತಲು ಉಳಿಯುವುದು 17 ಮಿ.ಮೀ. ಮಾತ್ರ. ಅದರಲ್ಲಿ ನೆತ್ತಿ ಸರಿಯುವುದು ಸುಮಾರು ಒಂದು ಮೀಟರ್. ಬೆಣೆಯ ಕೆಳಗೆ ಮರ ಸ್ವಲ್ಪ ಅದುಮಿಕೊಳ್ಳುವುದನ್ನೂ ಸೇರಿಸಿದರೆ ಇನ್ನೂ ಕಡಿಮೆ.

ಹಾಗಾಗಿ ಈ ಮರದ ನೆತ್ತಿ ಒಂದು ಮೀಟರ್ ಹಿಂದಕ್ಕೆ ವಾಲಿದ್ದರೆ 25 ಮಿ.ಮೀ.ಯ ಬೆಣೆ ಅದರ ಕೊನೆಯ ಮಿತಿಯಲ್ಲಿದೆ. ಎರಡು ಮೀಟರ್ ವಾಲಿದ್ದರೆ ಒಂದು ಬೆಣೆಯಿಂದ ಆಗುವ ಕೆಲಸ ಅಲ್ಲ. ಎಷ್ಟು ಸಲ ಹೊಡೆದರೂ ಆಗುವುದಿಲ್ಲ. ಇದು ಮರ ಅರ್ಧ ಕೊಯ್ದ ಮೇಲೆ ಗೊತ್ತಾದರೆ ಪರಿಸ್ಥಿತಿ ಬಹಳ ಕೆಟ್ಟದ್ದು.

ವಾಲಿಕೆ ಅಳೆಯಲು ಒಂದು ದಾರಕ್ಕೆ ಭಾರ ಕಟ್ಟಿ ಕೈಯಲ್ಲಿ ಹಿಡಿದು ದೂರದಿಂದ ನೋಡಿ. ಬೀಳುವ ದಿಕ್ಕಿಗೆ ಅಡ್ಡವಾಗಿ ನಿಂತು ನೋಡಿದರೆ ಹಿಂದು ಮುಂದಿನ ವಾಲಿಕೆ ಕಾಣುತ್ತದೆ. ಬೀಳುವ ದಿಕ್ಕಿನ ನೇರದಲ್ಲಿ ನಿಂತರೆ ಪಕ್ಕದ ವಾಲಿಕೆ ಕಾಣುತ್ತದೆ. ಬೊಡ್ಡೆಯನ್ನಷ್ಟೇ ನೋಡಬೇಡಿ. ಬೊಡ್ಡೆ ನೆಟ್ಟಗಿದ್ದು ಕೊಂಬೆಗಳೆಲ್ಲ ಒಂದೇ ಕಡೆ ಚಾಚಿದ್ದರೆ ಭಾರ ಇರುವುದು ಆ ಕಡೆಗೇ. ಪಕ್ಕದ ವಾಲಿಕೆಯನ್ನು ಬೆಣೆ ಸರಿ ಮಾಡುತ್ತದೆ ಅಂತ ನಂಬಬೇಡಿ. ಪಕ್ಕಕ್ಕೆ ಜಾರದಂತೆ ಮರವನ್ನು ಹಿಡಿಯುವುದು ಕೀಲು. ಬೆಣೆ ಬರೀ ಹಿಂದಿನಿಂದ ಎತ್ತುತ್ತದೆ.

ಎಷ್ಟು ಉದ್ದ ಬೇಕು

ಉದ್ದದ್ದು ಕೊಂಡರೆ ಎಲ್ಲದಕ್ಕೂ ಆಯಿತು ಅನ್ನುವುದು ತಪ್ಪು ಲೆಕ್ಕ. ಬೆಣೆಯ ತುದಿ ಕೀಲಿಗೆ ತಾಗಬಾರದು. ತಾಗಿದ ಮೇಲೂ ಹೊಡೆದರೆ ಬೆಣೆ ಎತ್ತುವುದಿಲ್ಲ, ಮರವನ್ನು ಹಿಡಿದಿರುವ ಕೀಲನ್ನೇ ಸೀಳುತ್ತದೆ.

45 ಸೆಂ.ಮೀ.ಯ ಮರದಲ್ಲಿ ಹಿಂದೆ 30 ಸೆಂ.ಮೀ. ಜಾಗ ಇದೆ. 8 ಇಂಚಿನದು (20 ಸೆಂ.ಮೀ.) ಆರಾಮಾಗಿ ಕೂರುತ್ತದೆ, 10 ಇಂಚಿನದೂ (25 ಸೆಂ.ಮೀ.) ಕೂರುತ್ತದೆ, 12 ಇಂಚಿನದು ಕೀಲಿಗೆ ತಾಗುತ್ತದೆ. 30 ಸೆಂ.ಮೀ.ಯ ಮರದಲ್ಲಿ ಉಳಿಯುವುದೇ 20 ಸೆಂ.ಮೀ. ಅಲ್ಲಿ 8 ಇಂಚಿನದೂ ಪೂರ್ತಿ ಒಳಗೆ ಹೋಗುವ ಹಾಗಿಲ್ಲ. 5 ಅಥವಾ 5.5 ಇಂಚಿನದು ಬೇಕು. ಸಂದಿನೊಳಗೆ ಬಾರ್ ಇರುವಾಗ ಅದರ ಅಗಲವೂ ಜಾಗ ತಿನ್ನುತ್ತದೆ ಅನ್ನುವುದು ನೆನಪಿರಲಿ.

ಸಣ್ಣ ಮರಗಳಲ್ಲಿ ತೊಂದರೆ ಬರುವುದೇ ಇಲ್ಲಿ. 25 ಸೆಂ.ಮೀ.ಯ ಮರ ನೋಡಲು ಸುಲಭ ಅನ್ನಿಸುತ್ತದೆ. ಆದರೆ ಬಾರ್ ಒಳಗಿರುವಾಗ ಹಿಂದಿನಿಂದ ಬೆಣೆ ಇಡಲು ಜಾಗವೇ ಸಿಗುವುದಿಲ್ಲ. ಮರ ಹಿಂದಕ್ಕೆ ಕೂತರೆ ಗರಗಸ ಅದರೊಳಗೇ. ಇದಕ್ಕೆ ಎರಡು ಹಂತದ ಕೊಯ್ತ ಒಳ್ಳೆಯದು. ಹಿಂದಿನ ಕೊಯ್ತವನ್ನು ಮೊದಲು ಒಂದು ಅರ್ಧದಲ್ಲಿ ಮಾತ್ರ ಕೀಲಿನ ತನಕ ಮಾಡಿ, ಗರಗಸ ತೆಗೆದು ಅಲ್ಲಿ ಬೆಣೆ ಇಟ್ಟು ಬಿಗಿ ಮಾಡಬೇಕು. ಆಮೇಲೆ ಇನ್ನೊಂದು ಅರ್ಧವನ್ನು ಎರಡು ಮೂರು ಸೆಂ.ಮೀ. ಕೆಳಗೆ, ಮೊದಲಿನದರ ಅಡಿಗೆ ಸ್ವಲ್ಪ ಸೇರುವಂತೆ ಕೊಯ್ಯಬೇಕು. ಬಾರ್ ಕೆಳಗಿರುವುದರಿಂದ ಚೈನ್ ಬೆಣೆಗೆ ತಾಗುವುದಿಲ್ಲ. ಇನ್ನೊಂದು ಮಾತು. ಸಣ್ಣ ಮರದಲ್ಲಿ ಕೀಲಿಗೂ ಬೆಣೆಗೂ ದೂರ ಕಡಿಮೆ. ಹಿಂದಿನ ಅಂಚನ್ನು ಅಷ್ಟೇ ಎತ್ತಿದರೂ ನೆತ್ತಿ ಜಾಸ್ತಿ ಸರಿಯುತ್ತದೆ ನಿಜ, ಆದರೆ ಎತ್ತಲು ಬಲವೂ ಜಾಸ್ತಿ ಬೇಕು. ಸಣ್ಣದು ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ.

ಯಾವುದರಿಂದ ಮಾಡಿದ ಬೆಣೆ

ಹೆಚ್ಚಿನವರಿಗೆ, ಹೆಚ್ಚಿನ ಮರಗಳಿಗೆ ಪ್ಲಾಸ್ಟಿಕ್ ಬೆಣೆಯೇ ಸರಿ. ಇದನ್ನು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ. ಕಾರಣ ಒಂದೇ: ತಿರುಗುತ್ತಿರುವ ಚೈನ್ ಅದಕ್ಕೆ ತಾಗಿದರೆ ಬೆಣೆಯ ಚೂರು ಹಾರುತ್ತದೆ, ಚೈನ್ ಉಳಿಯುತ್ತದೆ. ಹಗುರ, ಹಾಗಾಗಿ ಸೊಂಟದ ಚೀಲದಲ್ಲಿ ಮೂರು ನಾಲ್ಕು ಇಟ್ಟುಕೊಂಡರೂ ಭಾರ ಅನ್ನಿಸುವುದಿಲ್ಲ. ಕಿತ್ತಳೆ, ಹಳದಿಯಂಥ ಕಣ್ಣು ಕುಕ್ಕುವ ಬಣ್ಣ ಇರುವುದೂ ಸುಮ್ನೆ ಅಲ್ಲ. ತರಗೆಲೆಯ ನಡುವೆ ಬಿದ್ದರೆ ಹುಡುಕಲು ಅದೇ ದಾರಿ. ಕೊರತೆಗಳೂ ಇವೆ. ಹೊಡೆದು ಹೊಡೆದು ತಲೆ ಅಣಬೆಯಂತೆ ಹರಡಿಕೊಳ್ಳುತ್ತದೆ. ತೀರಾ ಚಳಿಯಲ್ಲಿ ಅಗ್ಗದ ಪ್ಲಾಸ್ಟಿಕ್ ಸಿಡಿದು ಒಡೆಯಬಹುದು.

ಪ್ಲಾಸ್ಟಿಕ್‌ನಲ್ಲೂ ಎರಡು ಬಗೆ ನೋಡುತ್ತೀರಿ. ಮೈ ನುಣುಪಾಗಿರುವುದು ಸುಲಭವಾಗಿ ಒಳಗೆ ಹೋಗುತ್ತದೆ. ಮೈ ಮೇಲೆ ಸಣ್ಣ ಮುಳ್ಳು ಅಥವಾ ಗೆರೆ ಇರುವುದು ಹಿಡಿದು ನಿಲ್ಲುತ್ತದೆ. ಹಿಮಗಟ್ಟಿದ ಮರದಲ್ಲಿ, ರಸ ಜಾರುವ ಹಸಿ ಮರದಲ್ಲಿ ನುಣುಪು ಬೆಣೆ ಪಟ್ಟನೆ ಹಿಂದಕ್ಕೆ ಚಿಮ್ಮಿ ಬರುತ್ತದೆ. ಅಂಥ ಕಡೆ ಮುಳ್ಳಿನದೇ ಬೇಕು. ಇಳಿಜಾರೂ ಮುಖ್ಯ. ಉದ್ದಕ್ಕೆ ತೆಳುವಾಗಿ ಏರುವ ಬೆಣೆ ಪ್ರತಿ ಏಟಿಗೂ ಸ್ವಲ್ಪ ಸ್ವಲ್ಪವೇ ಎತ್ತುತ್ತದೆ, ಆದರೆ ಕೂತಲ್ಲೇ ನಿಲ್ಲುತ್ತದೆ. ಗಿಡ್ಡವಾಗಿ ದಪ್ಪಗಿರುವುದು ಬೇಗ ಎತ್ತುವಂತೆ ಕಂಡರೂ ಹೆಚ್ಚು ಬಲ ಕೇಳುತ್ತದೆ, ಚಿಮ್ಮುವುದೂ ಜಾಸ್ತಿ. ಎರಡರಲ್ಲಿ ಒಂದು ಅಂದರೆ ನಾನು ತೆಳುವಾಗಿ ಏರುವುದನ್ನೇ ಆರಿಸುತ್ತೇನೆ.

ಅಲ್ಯೂಮಿನಿಯಂ ಬೆಣೆಗೆ ಅದರದೇ ಜಾಗ ಇದೆ. ದಿನವೂ ದೊಡ್ಡ ಮರಗಳ ಕೆಲಸ ಇರುವವರಿಗೆ ಅದು ಬಾಳಿಕೆ ಬರುತ್ತದೆ. ಏಟಿನ ಬಲವನ್ನು ಪ್ಲಾಸ್ಟಿಕ್‌ನಂತೆ ನುಂಗಿಕೊಳ್ಳದೆ ನೇರ ಮರಕ್ಕೆ ಕೊಡುತ್ತದೆ. ಕೆಲವು ಬಗೆಯಲ್ಲಿ ತಲೆಯ ಕಡೆ ಕಟ್ಟಿಗೆಯ ಅಥವಾ ಪ್ಲಾಸ್ಟಿಕ್‌ನ ತುಂಡು ಸೇರಿಸಿರುತ್ತಾರೆ. ಏಟು ಬೀಳುವುದು ಅದರ ಮೇಲೆ, ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಆದರೆ ಇದು ಲೋಹ. ಕಬ್ಬಿಣಕ್ಕಿಂತ ಮೆದು ಅಂದ ಮಾತ್ರಕ್ಕೆ ಚೈನ್‌ಗೆ ಪೂರ್ತಿ ಸುರಕ್ಷಿತ ಅಲ್ಲ. ತಾಗಿದರೆ ಹಲ್ಲು ಮೊಂಡಾಗುತ್ತದೆ. ಬೆಲೆ, ತೂಕ ಎರಡೂ ಜಾಸ್ತಿ. ಬಾರ್ ಎಲ್ಲಿದೆ ಅಂತ ಕೈಗೆ ಪೂರ್ತಿ ಅಂದಾಜು ಸಿಕ್ಕಿರದವರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಕಟ್ಟಿಗೆಯ ಬೆಣೆಯನ್ನು ಹಳೆಯದು ಅಂತ ತಳ್ಳಿಹಾಕಬೇಡಿ. ಚೆನ್ನಾಗಿ ಒಣಗಿದ ಗಟ್ಟಿ ಮರದಿಂದ, ನಾರು ಉದ್ದಕ್ಕೆ ಬರುವಂತೆ ಮಾಡಿಕೊಂಡರೆ ಅದು ಒಳ್ಳೆಯ ಕೆಲಸ ಮಾಡುತ್ತದೆ. ಚೈನ್‌ಗೆ ಅದರಿಂದ ಯಾವ ಅಪಾಯವೂ ಇಲ್ಲ. ಬೇಕಾದ ದಪ್ಪಕ್ಕೆ ಮಾಡಿಕೊಳ್ಳಬಹುದು ಅನ್ನುವುದೇ ದೊಡ್ಡ ಅನುಕೂಲ. ಆದರೆ ಜೋರು ಏಟಿಗೆ ತಲೆ ಸೀಳುತ್ತದೆ. ಹಸಿ ಕಟ್ಟಿಗೆಯಲ್ಲಿ ಅಲ್ಲೇ ಕೆತ್ತಿ ಮಾಡಿದ ಬೆಣೆ ಭಾರ ಬಿದ್ದ ಕೂಡಲೇ ಅಪ್ಪಚ್ಚಿಯಾಗುತ್ತದೆ. ಸಂದು ಮುಚ್ಚದಂತೆ ತಡೆಯಲು ಸರಿ. ಹಿಂದಕ್ಕೆ ವಾಲಿದ ಮರ ಎತ್ತಲು ಅದನ್ನೊಂದೇ ನಂಬುವುದು ಬೇಡ.

ಕಬ್ಬಿಣದ ಬೆಣೆ ಇರುವುದು ಸೌದೆ ಸೀಳಲು. ಚೈನ್‌ಸಾ ಇರುವ ಸಂದಿನೊಳಗೆ ಅದನ್ನು ಇಡಲೇಬೇಡಿ. ತಿರುಗುವ ಚೈನ್ ತಾಗಿದರೆ ಚೈನ್ ಹಾಳಾಗುತ್ತದೆ, ತುಂಡಾಗಿ ಹಾರಲೂಬಹುದು. ಕಬ್ಬಿಣದ ಮೇಲೆ ಉಕ್ಕಿನ ಸುತ್ತಿಗೆ ಹೊಡೆದಾಗ ಸಿಡಿಯುವ ಚೂರು ಕಣ್ಣು ತೆಗೆಯುತ್ತದೆ. ಇಲ್ಲಿ ಯೋಚಿಸಿ ಆರಿಸುವಂಥದ್ದು ಏನೂ ಇಲ್ಲ.

ಸ್ಕ್ರೂ ಬೆಣೆ, ಜಾಕ್, ಲಿವರ್, ಹಗ್ಗ

ಹೊಡೆಯುವ ಬದಲು ತಿರುಗಿಸುವ ಬೆಣೆಗಳೂ ಈಗ ಇವೆ. ಉದ್ದನೆಯ ಸ್ಕ್ರೂ ಒಂದನ್ನು ಸ್ಪ್ಯಾನರ್‌ನಿಂದಲೋ ಬ್ಯಾಟರಿ ಇಂಪ್ಯಾಕ್ಟ್ ರೆಂಚ್‌ನಿಂದಲೋ ತಿರುಗಿಸಿದರೆ ಬೆಣೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ದೂರದಿಂದ ರಿಮೋಟ್‌ನಲ್ಲಿ ನಡೆಸುವವೂ ಇವೆ. ಬಲ ಜಾಸ್ತಿ ಅನ್ನುವುದಕ್ಕಿಂತ ಏಟು ಇಲ್ಲ ಅನ್ನುವುದೇ ಇದರ ನಿಜವಾದ ಗುಣ. ಬೆಣೆಗೆ ಹೊಡೆಯುವ ಪ್ರತಿ ಏಟೂ ಮರದ ನೆತ್ತಿಯ ತನಕ ಹೋಗುತ್ತದೆ. ಮೇಲೆ ಒಣಗಿ ನೇತಾಡುವ ಕೊಂಬೆ ಇದ್ದರೆ ಅದು ಬೀಳುವುದು ಹೊಡೆಯುತ್ತಿರುವವರ ತಲೆಯ ಮೇಲೆ. ಸ್ಕ್ರೂ ಬೆಣೆ ಆ ಅಲುಗಾಟವನ್ನು ಬಹುತೇಕ ಇಲ್ಲವಾಗಿಸುತ್ತದೆ. ತೂಕ ಹಲವು ಕಿಲೋ, ಬೆಲೆ ಪ್ಲಾಸ್ಟಿಕ್ ಬೆಣೆಯ ಎಷ್ಟೋ ಪಟ್ಟು, ಸಣ್ಣ ಮರದಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ. ಇದೇ ಕೆಲಸ ದಿನವೂ ಮಾಡುವವರಿಗೆ ಹೇಳಿದ್ದು. ಹೈಡ್ರಾಲಿಕ್ ಜಾಕ್ ಇನ್ನೂ ದೊಡ್ಡ ಮರಗಳಿಗೆ. ಅದಕ್ಕೆ ಬುಡದಲ್ಲಿ ಸಮತಟ್ಟಾದ ಗೂಡು ಕೊಯ್ಯಬೇಕು.

ಸಣ್ಣ ಮರಗಳಿಗೆ ಉದ್ದ ಹಿಡಿಯ ಕಬ್ಬಿಣದ ಲಿವರ್ ಇದೆ. ಸಂದಿಗೆ ತುದಿ ಸಿಕ್ಕಿಸಿ ಹಿಡಿಯನ್ನು ಮೇಲೆತ್ತಿದರೆ ಮರ ಮುಂದೆ ಹೋಗುತ್ತದೆ. ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಎತ್ತಬೇಕು. ಬೊಡ್ಡೆ ತೆಳುವಾಗಿದ್ದು ವಾಲಿಕೆ ಅತಿ ಕಡಿಮೆ ಇದ್ದರೆ ಬೆಣೆಗಿಂತ ಬೇಗ ಕೆಲಸ ಆಗುತ್ತದೆ. ಇದೂ ಕಬ್ಬಿಣವೇ ಆದ್ದರಿಂದ ಚೈನ್‌ನಿಂದ ದೂರ ಇರಲಿ.

ಹಗ್ಗ ಮತ್ತು ವಿಂಚ್ (ಹಗ್ಗವನ್ನು ಸುತ್ತಿ ಎಳೆಯುವ ಸಾಧನ) ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಮೇಲಿನ ಲೆಕ್ಕದಲ್ಲಿ ಒಂದು ಬೆಣೆಗೆ ಆಗದು ಅಂತ ಬಂದರೆ ಒಂದರ ಮೇಲೊಂದು ಬೆಣೆ ಪೇರಿಸುವ ಬದಲು ಹಗ್ಗ ಕಟ್ಟಿ. ಎತ್ತರದಲ್ಲಿ ಕಟ್ಟಿದ ಹಗ್ಗಕ್ಕೆ ಕಡಿಮೆ ಬಲ ಸಾಕು, ಎಳೆಯುವವರು ಮರ ಬೀಳುವ ಜಾಗದಿಂದ ಆಚೆ ಇರಬಹುದು. ಆದರೆ ಹಗ್ಗ ಕಟ್ಟುವುದು ಕೊಯ್ಯುವ ಮುಂಚೆ. ಅರ್ಧ ಕೊಯ್ದ ಮರಕ್ಕೆ ಏಣಿ ಹಾಕಲು ಆಗುವುದಿಲ್ಲ. ಪೇರಿಸಲೇಬೇಕಾಗಿ ಬಂದರೆ ಎರಡೇ, ಮೂರು ಬೇಡ. ಮುಳ್ಳಿನ ಮೈ ಒಂದಕ್ಕೊಂದು ತಾಗುವಂತೆ ಇಡಿ. ನಡುವೆ ಸ್ವಲ್ಪ ಮಣ್ಣು ಉದುರಿಸಿದರೆ ಜಾರುವುದು ಕಡಿಮೆ. ಪಕ್ಕದಲ್ಲಿ ಇನ್ನೊಂದು ಬೆಣೆ ಭಾರ ಹಿಡಿದಿರಲಿ. ಪೇರಿಸಿದ್ದು ಚಿಮ್ಮಿದರೆ ಮರ ಹಿಂದಕ್ಕೆ ಬರದಂತೆ ತಡೆಯುವುದು ಅದೊಂದೇ.

ಬೆಣೆ ಬೇಡವೇ ಬೇಡ ಅನ್ನುವ ಮರಗಳು

ಒಳಗೆ ಕೊಳೆತ ಮರದಲ್ಲಿ ಬೆಣೆ ಮರವನ್ನು ಎತ್ತುವುದಿಲ್ಲ, ಮೆತ್ತಗಿನ ಮರದೊಳಗೆ ತಾನೇ ಹೂತುಹೋಗುತ್ತದೆ. ಕೀಲೂ ಗಟ್ಟಿಯಿರುವುದಿಲ್ಲ. ಗರಗಸದಿಂದ ಬರುವ ಹೊಟ್ಟನ್ನು ಗಮನಿಸಿ. ಬಿಳಿಚಿದ ಚಕ್ಕೆ ಬರುತ್ತಿದ್ದದ್ದು ಕಪ್ಪು ಅಥವಾ ಕಂದು ಪುಡಿಯಾಗಿ ಬದಲಾದರೆ ಒಳಗೆ ಕೊಳೆ ಇದೆ. ಪೂರ್ತಿ ಒಣಗಿ ನಿಂತ ಮರಕ್ಕೂ ಹೊಡೆಯುವ ಬೆಣೆ ಬೇಡ. ಮೇಲಿನ ಕೊಂಬೆ ಯಾವಾಗ ಕಳಚುತ್ತದೆ ಅಂತ ಹೇಳಲು ಆಗುವುದಿಲ್ಲ. ಇಂಥವಕ್ಕೆ ದೂರದಿಂದ ಎಳೆಯುವ ವಿಂಚ್, ಇಲ್ಲವೇ ಅದೇ ಕೆಲಸ ಬಲ್ಲವರು. ಎದುರು ಗಾಳಿ ಜೋರಾಗಿದ್ದರೆ ಆ ದಿನ ಕೆಲಸ ನಿಲ್ಲಿಸಿ. ನೆತ್ತಿಗೆ ಬೀಸುವ ಗಾಳಿಯ ಎದುರು ಯಾವ ಬೆಣೆಯೂ ಸಾಲದು.

ಹೊಡೆಯುವಾಗ

ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಚೈನ್ ತಡೆಯುವ ಪ್ಯಾಂಟು, ಗಟ್ಟಿ ಬೂಟು. ಬೇರೆ ಯಾರೂ ಮರದ ಎರಡು ಪಟ್ಟು ಎತ್ತರದಷ್ಟು ದೂರದೊಳಗೆ ಇರಬಾರದು. ತಪ್ಪಿಸಿಕೊಳ್ಳುವ ದಾರಿಯನ್ನು ಮೊದಲೇ ಸವರಿ ಇಡಿ. ಅದು ಬೀಳುವ ದಿಕ್ಕಿನ ನೇರ ಹಿಂದಕ್ಕೆ ಅಲ್ಲ, ಹಿಂದಕ್ಕೆ 45 ಡಿಗ್ರಿ ಓರೆಯಾಗಿ.

ಹಿಂದಿನ ಕೊಯ್ತ ಬೆಣೆ ಹಿಡಿಯುವಷ್ಟು ಆಳ ಆದ ಕೂಡಲೇ ಬೆಣೆ ಇಡಿ. ಮರ ಕೂರಲು ಶುರು ಮಾಡಿದ ಮೇಲೆ ಇಡುತ್ತೇನೆ ಅಂದರೆ ಆಗಲೇ ತಡ. ಮೊದಲು ಕೈಯಿಂದ ತಳ್ಳಿ, ಆಮೇಲೆ ಮೆಲ್ಲಗೆ ಒಂದೆರಡು ಏಟು. ಗಟ್ಟಿಯಾಗಿ ಹೊಡೆಯುವ ಮೊದಲು ಚೈನ್ ಬ್ರೇಕ್ ಹಾಕಿ, ಇಲ್ಲವೇ ಗರಗಸ ತೆಗೆದು ಪಕ್ಕಕ್ಕಿಡಿ. ದೊಡ್ಡ ಮರಕ್ಕೆ ಎರಡು ಬೆಣೆಗಳನ್ನು ನಡುಗೆರೆಯ ಎರಡೂ ಬದಿಗೆ ಇಟ್ಟು ಒಂದಕ್ಕೊಂದು ಏಟಿನಂತೆ ಸರದಿಯಲ್ಲಿ ಹೊಡೆದರೆ ಭಾರ ಹಂಚಿಹೋಗುತ್ತದೆ, ಮರವೂ ತಿರುಚುವುದಿಲ್ಲ. ಒಂದೂವರೆಯಿಂದ ಎರಡು ಕಿಲೋ ತೂಕದ ಕೊಡಲಿಯ ಹಿಂಬದಿ ಇದಕ್ಕೆ ಸರಿಯಾಗುತ್ತದೆ. ಏಟು ತಲೆಯ ಮೇಲೆ ನೇರ ಬೀಳಬೇಕು. ಓರೆ ಏಟಿಗೆ ಬೆಣೆ ಚಿಮ್ಮುತ್ತದೆ.

ಒಂದೆರಡು ಏಟಿಗೊಮ್ಮೆ ತಲೆ ಎತ್ತಿ ನೆತ್ತಿ ನೋಡಿ. ಇದನ್ನು ಅಭ್ಯಾಸ ಮಾಡಿಕೊಳ್ಳಲೇಬೇಕು. ಬೆಣೆ ನೋಡುತ್ತಾ ಹೊಡೆಯುವಾಗ ಮೇಲಿನದು ಮರೆತೇಹೋಗುತ್ತದೆ.

ಬೆಣೆ ಬಿಗಿಯಾಗಿ ನಿಂತು ಮರ ಅಲುಗದಿದ್ದರೆ ಕೀಲನ್ನು ಇನ್ನಷ್ಟು ತೆಳು ಮಾಡುವ ಆಸೆ ಬರುತ್ತದೆ. ಹತ್ತನೇ ಒಂದು ಭಾಗಕ್ಕಿಂತ ದಪ್ಪ ಉಳಿದಿದ್ದರೆ ಆ ಅಳತೆಯ ತನಕ ಮೆಲ್ಲಗೆ ಕೊಯ್ದು ಮತ್ತೆ ಹೊಡೆಯಿರಿ. ಅಳತೆ ಮುಟ್ಟಿದ್ದರೆ ಗರಗಸ ಇಡಬೇಡಿ. ಕೀಲು ಹರಿದ ಮರ ಯಾವ ಕಡೆ ಬೇಕಾದರೂ ಹೋಗುತ್ತದೆ. ಆಗ ಮಾಡಬೇಕಾದ್ದು ಹೊಡೆಯುವುದನ್ನು ನಿಲ್ಲಿಸಿ, ಯಾರೂ ಹತ್ತಿರ ಬರದಂತೆ ಕಾವಲು ಇಟ್ಟು, ಅನುಭವಸ್ಥರನ್ನು ಕರೆಯುವುದು.

ಸಂದು ಅಗಲವಾಗುತ್ತಾ ಬೆಣೆ ಸಡಿಲವಾದರೆ ಮರ ಹೊರಟಿತು ಅಂತ ಅರ್ಥ. ಬೆಣೆ ತೆಗೆಯಲು ಕೈ ಹಾಕಬೇಡಿ. ಕೊಡಲಿ ಬಿಟ್ಟು, ಸವರಿಟ್ಟ ದಾರಿಯಲ್ಲಿ ಕನಿಷ್ಠ 5 ಮೀಟರ್ ದೂರ ಹೋಗಿ. ಕಣ್ಣು ಮೇಲೆ ಇರಲಿ. ಮರ ಬಿದ್ದ ಮೇಲೂ ಪಕ್ಕದ ಮರಗಳಲ್ಲಿ ಮುರಿದು ಸಿಕ್ಕಿಕೊಂಡ ಕೊಂಬೆ ಉದುರುತ್ತಿರುತ್ತದೆ.

ಮೊದಲ ಸಲ ಕೊಳ್ಳುವವರಿಗೆ

8 ಇಂಚಿನ ಮುಳ್ಳು ಮೈಯ ಪ್ಲಾಸ್ಟಿಕ್ ಬೆಣೆ ಎರಡು, 5.5 ಇಂಚಿನದು ಎರಡು, ಒಂದು ಸೊಂಟದ ಚೀಲ. ಸಾಮಾನ್ಯ ಅಳತೆಯ ಮರಗಳಿಗೆ ಇಷ್ಟು ಸಾಕು. 50 ಸೆಂ.ಮೀ. ದಾಟಿದ ಮರಗಳು ಪದೇ ಪದೇ ಬರುತ್ತಿದ್ದರೆ 10 ಅಥವಾ 12 ಇಂಚಿನದನ್ನು ಸೇರಿಸಿ. ಒಂದೇ ಒಂದು ದೊಡ್ಡ ಬೆಣೆ ಕೊಳ್ಳಲು ಹೋಗಬೇಡಿ, ಜೋಡಿ ಇಲ್ಲದ ಬೆಣೆ ಅರ್ಧ ಬೆಣೆ. ಸಣ್ಣವು ಬಿದ್ದ ದಿಮ್ಮಿಯನ್ನು ತುಂಡು ಮಾಡುವಾಗಲೂ ಬಾರ್ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತವೆ.

ತಲೆ ಹರಡಿಕೊಂಡ ಬೆಣೆಯ ಅಂಚನ್ನು ಚಾಕುವಿನಿಂದಲೋ ಅರದಿಂದಲೋ ಸವರಿ ಸರಿ ಮಾಡಿ. ಹಾಗೇ ಬಿಟ್ಟರೆ ಮುಂದಿನ ಏಟಿಗೆ ಆ ಅಂಚೇ ಚೂರಾಗಿ ಹಾರುತ್ತದೆ. ತುದಿಯನ್ನು ಚೈನ್ ಕಚ್ಚಿದ್ದರೆ ಅರದಿಂದ ಮತ್ತೆ ಚೂಪು ಮಾಡಬಹುದು. ಮೈಯಲ್ಲಿ ಬಿರುಕು ಕಂಡದ್ದನ್ನು ಮಾತ್ರ ಎಸೆದುಬಿಡಿ.